ಪ್ರಕೃತಿಗೆ ಹೊರೆಯಾಗದ ತಂಗುಮನೆ

ದಾರಿ ನಡೆದು ದಣಿದವನಿಗೆ ರಾತ್ರಿ ಕಳೆಯಲು ಒಂದು ನೆಲೆ ಬೇಕು. ಈ ಅಗತ್ಯವನ್ನು ನಮ್ಮ ಹಿರಿಯರು ಛತ್ರ, ಮಂಟಪಗಳಿಂದ ಪೂರೈಸಿದರು. ಆಂಗ್ಲರ ಕಾಲದಲ್ಲಿ ಪ್ರವಾಸಿ ಬಂಗಲೆಗಳೂ ಅರಣ್ಯ ಇಲಾಖೆಯ ವಿಶ್ರಾಂತಿಗೃಹಗಳೂ ಬಂದವು. ಈಗ ಬೆಟ್ಟ, ಕಾಡು, ಕಡಲತೀರಗಳನ್ನು ನೋಡಲು ಹೊರಡುವವರ ಸಂಖ್ಯೆ ಹೆಚ್ಚಿದಂತೆಲ್ಲ ರೆಸಾರ್ಟ್, ಹೋಂಸ್ಟೇ ಎಂಬ ಹೆಸರಿನ ವಸತಿಗಳು ಎಲ್ಲೆಡೆಯೂ ಎದ್ದು ನಿಂತಿವೆ. ಅವುಗಳಲ್ಲಿ ಅನೇಕವು ತಮ್ಮನ್ನು 'ಪರಿಸರಸ್ನೇಹಿ' ಎಂದು ಕರೆದುಕೊಳ್ಳುತ್ತವೆ. ಬಾಗಿಲಿಗೆ ಬಿದಿರಿನ ಕಮಾನು, ಮಾಡಿಗೆ ಹುಲ್ಲಿನ ಹೊದಿಕೆ, ಗೋಡೆಗೆ ಹಸುರು ಬಣ್ಣ, ಇಷ್ಟಿದ್ದ ಮಾತ್ರಕ್ಕೆ ಒಂದು ಮನೆಯು ತನ್ನ ಸುತ್ತಣ ಪ್ರಕೃತಿಗೆ ಸ್ನೇಹಿತನಾಗುವುದೆ?

ಈ ಪ್ರಶ್ನೆಗೆ ಕಣ್ಣಂದಾಜಿನಿಂದ ಉತ್ತರ ಹೇಳುವುದು ಸಾಧ್ಯವಿಲ್ಲ. ಲೆಕ್ಕ ಹಾಕಿಯೇ ಹೇಳಬೇಕು. ಭೌತಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಮನೆಯೆಂಬುದು ಶಾಖ, ನೀರು, ಬೆಳಕುಗಳು ಒಳಬಂದು ಹೊರಹೋಗುವ ಒಂದು ಪೆಟ್ಟಿಗೆ. ಆ ಸ್ಥಳದ ಗಾಳಿ, ಮಳೆ, ಬಿಸಿಲುಗಳು ಕೊಡುವಷ್ಟರಲ್ಲಿಯೇ ತನ್ನ ವೆಚ್ಚವನ್ನು ತೂಗಿಸಿಕೊಳ್ಳುವ ಮನೆ ಪರಿಸರಕ್ಕೆ ಹೊರೆಯಲ್ಲ. ತೂಗಿಸಲಾರದ ಮನೆಯಾದರೋ, ತನ್ನ ಕೊರತೆಯನ್ನು ನೆರೆಯವರ ಪಾಲಿನಿಂದ ತುಂಬಿಕೊಳ್ಳುತ್ತದೆ. ಈ ಲೆಕ್ಕವನ್ನು ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ನಂದಿಬೆಟ್ಟದಿಂದ ಆರಂಭಿಸಿ, ಪಶ್ಚಿಮದ ಕಾಡು ಮತ್ತು ಕಡಲತೀರದವರೆಗೆ ಒಯ್ದು ನೋಡೋಣ. ಒಂದೆಡೆ ಸಲ್ಲುವ ಮನೆ ಇನ್ನೊಂದೆಡೆ ಏಕೆ ಸಲ್ಲದೆಂಬುದು ಇದರಿಂದ ಸ್ಪಷ್ಟವಾಗುವುದು.

ಎತ್ತರವು ಕೊಡುವ ತಂಪು

ನಂದಿಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ ೧,೪೭೮ ಮೀಟರ್ ಎತ್ತರದಲ್ಲಿದೆ. ಬೇಸಗೆಯಲ್ಲಿ ತಂಗಲು ಇದು ತಕ್ಕ ಸ್ಥಳವೆಂಬುದು ಬಹುಕಾಲದಿಂದಲೂ ತಿಳಿದ ವಿಷಯ. ಟೀಪುಸುಲ್ತಾನನ ಬೇಸಗೆಯ ಅರಮನೆ ಇಲ್ಲಿದೆ. ೧೮೩೪ರಿಂದ ೧೮೬೧ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಸರ್ ಮಾರ್ಕ್ ಕಬ್ಬನ್ ಅವರಿಗೂ ಇದು ಬೇಸಗೆಯ ಬೀಡಾಗಿತ್ತು. ೧೯೨೭ರಲ್ಲಿ ದೇಹಾರೋಗ್ಯ ಕೆಟ್ಟಾಗ ಮಹಾತ್ಮಾ ಗಾಂಧಿಯವರು ವಿಶ್ರಾಂತಿಗಾಗಿ ಈ ಬೆಟ್ಟದಲ್ಲಿ ಹಲವು ವಾರ ನೆಲೆಸಿದ್ದರು; ೧೯೩೬ರಲ್ಲಿ ಮತ್ತೊಮ್ಮೆ ಬಂದರು. ಇವರಾರ ಕೋಣೆಯನ್ನೂ ತಂಪುಮಾಡಲು ಯಂತ್ರವಿರಲಿಲ್ಲ.

ಬೆಟ್ಟದ ಮೇಲೆ ತಂಪೇಕೆ? ಸೂರ್ಯನಿಗೆ ಇನ್ನಷ್ಟು ಹತ್ತಿರವಾದರೆ ಬಿಸಿ ಹೆಚ್ಚಬೇಕಲ್ಲವೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಬಿಸಿಲು ಮೊದಲು ಕಾಯಿಸುವುದು ನೆಲವನ್ನು; ನೆಲವು ತನಗೆ ತಾಗಿದ ಗಾಳಿಯನ್ನು ಕಾಯಿಸುತ್ತದೆ. ಕಾದ ಗಾಳಿ ಮೇಲೇರುತ್ತದೆ. ಮೇಲೆ ಒತ್ತಡ ಕಡಿಮೆಯಾದುದರಿಂದ ಅದು ಹಿಗ್ಗುತ್ತದೆ, ಹಿಗ್ಗುವ ಕೆಲಸಕ್ಕೆ ಬೇಕಾದ ಶಕ್ತಿಯನ್ನು ತನ್ನೊಳಗಿನ ಶಾಖದಿಂದಲೇ ತೆಗೆದುಕೊಳ್ಳುತ್ತದೆ, ಆದುದರಿಂದ ತಣಿಯುತ್ತದೆ. ಸರಾಸರಿಯಾಗಿ ಪ್ರತಿ ಸಾವಿರ ಮೀಟರಿಗೆ ಆರೂವರೆ ಡಿಗ್ರಿ ಸೆಂಟಿಗ್ರೇಡಿನಂತೆ ಉಷ್ಣತೆ ಇಳಿಯುತ್ತದೆ. ಚಿಕ್ಕಬಳ್ಳಾಪುರದ ಪೇಟೆ ಸುಮಾರು ೯೦೦ ಮೀಟರ್ ಎತ್ತರದಲ್ಲಿದೆ. ಆ ಲೆಕ್ಕದಂತೆ ನಂದಿಯ ನೆತ್ತಿ ಪೇಟೆಗಿಂತ ಮೂರೂವರೆ ಡಿಗ್ರಿಯಷ್ಟೂ, ಸಮುದ್ರತೀರಕ್ಕಿಂತ ಒಂಬತ್ತು ಡಿಗ್ರಿಗೂ ಮಿಕ್ಕು ತಂಪಾಗಿರಬೇಕು. ಇದು ಪ್ರಕೃತಿ ಬಿಟ್ಟಿಯಾಗಿ ಕೊಡುವ ಶೈತ್ಯ.

ಈ ಶೈತ್ಯವನ್ನೂ ಮಂಜನ್ನೂ ನಂಬಿ ಬಾಳುವ ಜೀವಿಗಳು ಇಲ್ಲಿವೆ. ಸುತ್ತಣ ಬಯಲು ಕುರುಚಲು ಗಿಡಗಳ ಒಣನಾಡು. ನೆತ್ತಿಯ ಮೇಲಾದರೋ ತೇವವಾದ ತೋಪು. ಪಶ್ಚಿಮಘಟ್ಟದ ನಿವಾಸಿಯಾದ ನೀಲಗಿರಿ ಕಾಡುಪಾರಿವಾಳವು ಅಷ್ಟು ದೂರದ ಈ ಬೆಟ್ಟದಲ್ಲಿ ಕಾಣಸಿಗುವುದು ಈ ತೋಪಿನಿಂದ. ದಕ್ಷಿಣ ಭಾರತದ ಬಂಡೆಬೆಟ್ಟಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲದ ಹಳದಿ ಕೊರಳಿನ ಪಿಕಳಾರವೂ ಇಲ್ಲಿಯದೇ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಅರ್ಕಾವತಿ ನದಿಗಳ ಮೂಲವೂ ಈ ಬೆಟ್ಟಸಾಲೇ. ಇಂಥ ಸ್ಥಳದಲ್ಲಿ ಕಟ್ಟುವ ಪ್ರತಿಯೊಂದು ಕೋಣೆಯೂ ಲೆಕ್ಕಕ್ಕೆ ಬರುತ್ತದೆ.

ದಪ್ಪ ಗೋಡೆಯ ಗುಟ್ಟು

ಬೆಟ್ಟದ ಬುಡದಲ್ಲಿ, ಬಯಲಿನಲ್ಲಿ, ಎತ್ತರದ ಈ ವರ ಅಷ್ಟಾಗಿ ಇಲ್ಲ. ಆದರೆ ಇಲ್ಲಿ ಇನ್ನೊಂದು ಅನುಕೂಲವುಂಟು. ಒಣಗಾಳಿಯ ನಾಡಿನಲ್ಲಿ ಹಗಲು ಬಿಸಿಯಾದ ನೆಲವು ರಾತ್ರಿ ಬೇಗನೆ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ಆದುದರಿಂದ ಹಗಲು ಇರುಳುಗಳ ಉಷ್ಣತೆಗೆ ದೊಡ್ಡ ಅಂತರವಿರುತ್ತದೆ. ಹಗಲಿನ ಬಿಸಿಯನ್ನು ಇರುಳಿನವರೆಗೆ ತಡೆದು ನಿಲ್ಲಿಸುವ ಮನೆಯಿದ್ದರೆ ಸಾಕು, ಬೇರೆ ಉಪಾಯ ಬೇಡ.

ಈ ತಡೆಯನ್ನು ಒಡ್ಡುವುದು ದಪ್ಪ ಗೋಡೆ. ಗೋಡೆಯ ಹೊರಮೈ ಮಧ್ಯಾಹ್ನ ಕಾಯುತ್ತದೆ. ಆ ಬಿಸಿ ಒಂದು ಅಲೆಯಂತೆ ನಿಧಾನವಾಗಿ ಒಳಗೆ ಸರಿಯುತ್ತದೆ, ಸರಿದಂತೆಲ್ಲ ಕುಗ್ಗುತ್ತದೆ. ಕಗ್ಗಲ್ಲಿನಲ್ಲಿ ಈ ದಿನದಲೆ ಪ್ರತಿ ೧೮ ಸೆಂಟಿಮೀಟರಿಗೆ ಮೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚಾಗಿ ಮಾತ್ರ ಉಳಿಯುತ್ತದೆ. ಅಷ್ಟು ದೂರ ಸಾಗಲು ಸುಮಾರು ನಾಲ್ಕು ಗಂಟೆ ಹಿಡಿಯುತ್ತದೆ. ೪೫ ಸೆಂಟಿಮೀಟರ್, ಅಂದರೆ ಒಂದೂವರೆ ಅಡಿ ದಪ್ಪದ ಗೋಡೆಯಾದರೆ ಬಿಸಿಯು ಒಳಗೆ ತಲಪುವ ಹೊತ್ತಿಗೆ ಒಂಬತ್ತು ಗಂಟೆ ಕಳೆದಿರುತ್ತದೆ. ಅದರ ಏರಿಳಿತ ಹತ್ತರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಮಧ್ಯಾಹ್ನ ಎರಡು ಗಂಟೆಯ ಬಿಸಿ ರಾತ್ರಿ ಹನ್ನೊಂದಕ್ಕೆ ಒಳಬರುವಾಗ ಹೊರಗೆ ತಂಗಾಳಿ ಬೀಸುತ್ತಿರುತ್ತದೆ. ಕಿಟಕಿ ತೆರೆದರೆ ಮುಗಿಯಿತು. ಚಿಂತಾಮಣಿಯ ಸಮೀಪದ ಕೈಲಾಸಗಿರಿಯಲ್ಲಿ ಬಂಡೆಯನ್ನು ಕೊರೆದು ಮಾಡಿದ ಗುಹೆಗಳನ್ನು ಹೊಕ್ಕವರು ಈ ತತ್ತ್ವವನ್ನು ಮೈಯಿಂದಲೇ ಅರಿಯಬಹುದು. ಒಂದು ಮೀಟರ್ ದಪ್ಪದ ಬಂಡೆಯ ಆಚೆಗೆ ದಿನದ ಬಿಸಿಯೇರಿಳಿತದ ಸುಳಿವೇ ಇರುವುದಿಲ್ಲ.

ಇದಕ್ಕೆ ಪ್ರತಿಯಾಗಿ, ಹತ್ತು ಸೆಂಟಿಮೀಟರಿನ ಬರಿಯ ಕಲ್ಲುಚಪ್ಪಡಿಯಲ್ಲಿ ಅಥವಾ ಕಾಂಕ್ರೀಟಿನಲ್ಲಿ ಬಿಸಿ ಎರಡು ಗಂಟೆಗೆಲ್ಲ ಇಳಿದುಬರುತ್ತದೆ. ಅರ್ಧಕ್ಕೂ ಮಿಕ್ಕು ಉಳಿದಿರುತ್ತದೆ. ನಮ್ಮ ಊರುಗಳ ಹಳೆಯ ಮಾಳಿಗೆಗಳ ಮೇಲೆ ದಪ್ಪನಾಗಿ ಮಣ್ಣು ಹೊದಿಸುತ್ತಿದ್ದುದು ಸುಮ್ಮನಲ್ಲ. ಇಂದಿನ ಗಾಜಿನ ಗೋಡೆಯ ಕೋಣೆಯಾದರೋ ಬಿಸಿಲನ್ನು ಒಳಗೆ ಬಿಟ್ಟುಕೊಂಡು, ಒಳಗಿನ ಶಾಖ ಹೊರಗೆ ಹೋಗದಂತೆ ಹಿಡಿದಿಡುತ್ತದೆ. ಅಂಥ ಕೋಣೆಗೆ ಹವಾನಿಯಂತ್ರಕ ಅನಿವಾರ್ಯ. ಒಂದು ಟನ್ನಿನ ಹವಾನಿಯಂತ್ರಕವು ಕೋಣೆಯೊಳಗಿಂದ ಮೂರೂವರೆ ಕಿಲೋವಾಟಿನಷ್ಟು ಶಾಖವನ್ನು ಹೊರಕ್ಕೆ ಎತ್ತಿಹಾಕುತ್ತದೆ. ಹಾಗೆ ಮಾಡಲು ಸುಮಾರು ಒಂದು ಕಿಲೋವಾಟ್ ವಿದ್ಯುತ್ತನ್ನು ನುಂಗುತ್ತದೆ. ಇವೆರಡೂ ಸೇರಿ ಹೊರಗಿನ ಗಾಳಿಗೆ ಬೀಳುವುದು ನಾಲ್ಕೂವರೆ ಕಿಲೋವಾಟ್. ಅತಿಥಿಗೆ ತಂಪು, ನೆರೆಯವನಿಗೆ ಬಿಸಿ ಎಂಬುದು ಅದರ ನಿಯಮ.

ಶಿಡ್ಲಘಟ್ಟದ ನಾಜೂಕು ಅತಿಥಿ

ಯಂತ್ರವಿಲ್ಲದೆ ಮನೆಯನ್ನು ಹದದಲ್ಲಿಡುವುದು ಬರಿಯ ಪುಸ್ತಕದ ಮಾತೆಂದು ಯಾರಾದರೂ ಶಂಕಿಸಿದರೆ ಅವರು ಶಿಡ್ಲಘಟ್ಟದ ಕಡೆಯ ಹುಳುಮನೆಗಳನ್ನು ನೋಡಬೇಕು. ರೇಷ್ಮೆಹುಳುವಿನಷ್ಟು ನಾಜೂಕಾದ ಅತಿಥಿ ಇನ್ನೊಂದಿಲ್ಲ. ಚಾಕಿ ಹುಳುವಿಗೆ ೨೬ರಿಂದ ೨೮ ಡಿಗ್ರಿ ಉಷ್ಣತೆಯೂ, ಗಾಳಿಯಲ್ಲಿ ನೂರಕ್ಕೆ ೮೫ಕ್ಕೆ ಕಡಿಮೆಯಿಲ್ಲದ ತೇವಾಂಶವೂ ಬೇಕು. ಬಲಿತ ಹುಳುವಿಗೆ ೨೩ರಿಂದ ೨೫ ಡಿಗ್ರಿಯ ತಂಪು, ನೂರಕ್ಕೆ ೭೦ರಷ್ಟು ತೇವ ಸಾಕು. ಹದ ತಪ್ಪಿದರೆ ರೋಗ ಹೊಕ್ಕು ಇಡೀ ಬೆಳೆ ನಾಶವಾಗುತ್ತದೆ. ರೈತನ ಸಾಲ ತೀರುವುದಿಲ್ಲ. ಇಷ್ಟನ್ನು ಇಲ್ಲಿಯ ರೈತರು ಮರದ ನೆರಳು, ಮಾಡಿನ ಮೇಲೆ ಗರಿಯ ಹೊದಿಕೆ, ಎದುರುಬದುರು ಕಿಟಕಿ, ಅವುಗಳಿಗೆ ಇಳಿಬಿಟ್ಟ ಒದ್ದೆ ಗೋಣಿತಾಟುಗಳಿಂದ ಸಾಧಿಸುತ್ತ ಬಂದಿದ್ದಾರೆ.

ಒದ್ದೆ ಗೋಣಿಯ ಶಕ್ತಿ ಎಷ್ಟು? ಒಂದು ಲೀಟರ್ ನೀರು ಆವಿಯಾಗಬೇಕಾದರೆ ಸುಮಾರು ೫೮೦ ಕಿಲೋಕೆಲೊರಿ ಶಾಖವನ್ನು ಸುತ್ತಣ ಗಾಳಿಯಿಂದ ಹೀರಿಕೊಳ್ಳಬೇಕು. ಅದೇ ನೀರನ್ನು ಒಂದು ಡಿಗ್ರಿ ಕಾಯಿಸಲು ಬೇಕಾದುದು ಕೇವಲ ಒಂದು ಕಿಲೋಕೆಲೊರಿ. ಗಂಟೆಗೆ ಐದು ಲೀಟರಿನಂತೆ ನೀರು ಆವಿಯಾದರೆ ಅದು ಒಂದು ಟನ್ನಿನ ಹವಾನಿಯಂತ್ರಕದ ಕೆಲಸಕ್ಕೆ ಸಮ. ಆದರೆ ಗಾಳಿಯು ಒಣಗಿದ್ದಾಗ ಮಾತ್ರ ಈ ಉಪಾಯ ಫಲಿಸುತ್ತದೆ. ಮೇಲಾಗಿ ನೀರಿನ ಬಡತನವಿರುವ ನಾಡಿನಲ್ಲಿ ಐದು ಲೀಟರೂ ಲೆಕ್ಕಕ್ಕೆ ಸೇರಿದ್ದೇ. ಆದುದರಿಂದ ಮೊದಲು ನೆರಳು, ಆಮೇಲೆ ಗೋಡೆ, ಕೊನೆಗೆ ನೀರು ಎಂಬುದು ಬಯಲುಸೀಮೆಯ ಮನೆ ಕಟ್ಟುವವನಿಗೆ ತಕ್ಕ ಕ್ರಮ.

ಕಡಲತೀರದ ಮನೆ

ಈಗ ನಾವು ಘಟ್ಟವಿಳಿದು ಕಾರವಾರಕ್ಕೆ ಹೋಗೋಣ. ಕರ್ನಾಟಕ ಸರಕಾರವು ೧೯೮೦ರಲ್ಲಿ ಕಾಡಿನ ವಸತಿಗಳಿಗಾಗಿಯೇ ಜಂಗಲ್ ಲಾಡ್ಜಸ್ ಎಂಬ ಸಂಸ್ಥೆಯನ್ನು ಕಬಿನಿಯ ದಂಡೆಯಲ್ಲಿ ಆರಂಭಿಸಿತು. ಅದರ ವಸತಿಗಳಲ್ಲೊಂದು, ಕಾಳೀನದಿ ಅರಬ್ಬೀ ಸಮುದ್ರವನ್ನು ಸೇರುವೆಡೆಯ ದೇವಬಾಗದಲ್ಲಿದೆ. ಗಾಳಿಮರಗಳ ತೋಪಿನ ನಡುವೆ, ಕಂಬಗಳ ಮೇಲೆ ನೆಲದಿಂದ ಎತ್ತರಿಸಿ ನಿಲ್ಲಿಸಿದ ಮರದ ಗುಡಿಸಲುಗಳು ಅಲ್ಲಿವೆ. ನಂದಿಯ ಬುಡದಲ್ಲಿ ನಾವು ಹೊಗಳಿದ ದಪ್ಪ ಗೋಡೆ ಇಲ್ಲಿ ಏಕಿಲ್ಲ?

ನೀರು ಬಿಸಿಯಾಗುವುದೂ ನಿಧಾನ, ತಣಿಯುವುದೂ ನಿಧಾನ. ಕಡಲ ನೆರೆಯಲ್ಲಿ ಹಗಲಿರುಳುಗಳ ಅಂತರ ಅಲ್ಪ. ಇರುಳೂ ಸೆಕೆ ಬಿಡದು. ಹಗಲಿನ ಬಿಸಿಯನ್ನು ಹಿಡಿದಿಟ್ಟ ಗೋಡೆ ಅದನ್ನು ಯಾವ ತಂಪು ಹೊತ್ತಿಗೂ ಹೊರಹಾಕಲಾರದು. ಗಾಳಿಯಲ್ಲಿ ತೇವ ಮೊದಲೇ ತುಂಬಿರುವುದರಿಂದ ಒದ್ದೆ ಗೋಣಿಯೂ ನಿಷ್ಪ್ರಯೋಜಕ. ಅಲ್ಲಿ ಮೈಗೆ ಹಿತವಾಗಬೇಕಾದರೆ ಬೆವರು ಆರಬೇಕು. ಬೆವರು ಆರಬೇಕಾದರೆ ಗಾಳಿ ಹರಿಯಬೇಕು. ಹಗಲು ನೆಲ ಕಾದು ಅಲ್ಲಿಯ ಗಾಳಿ ಮೇಲೇರಿದಾಗ ಕಡಲಿನಿಂದ ಗಾಳಿ ಬೀಸುತ್ತದೆ. ರಾತ್ರಿ ಇದು ತಿರುಗುಮುರುಗು. ಈ ಎರಡು ಗಾಳಿಗಳಿಗೂ ದಾರಿ ಬಿಡುವ ತೆಳು ಗೋಡೆ, ನೆಲದಡಿಯ ತೆರವು, ಅಗಲವಾದ ಜಗಲಿ, ಮಳೆಗೆ ಕಡಿದಾದ ಮಾಡು, ಇವೇ ಕರಾವಳಿಯ ಲಕ್ಷಣಗಳು. ಕಂಬದ ಮೇಲಣ ಮನೆಗೆ ಇನ್ನೊಂದು ಗುಣವುಂಟು. ಅದು ಮಳೆನೀರಿನ ಹರಿವನ್ನೂ ಮರಳಿನ ಚಲನೆಯನ್ನೂ ತಡೆಯುವುದಿಲ್ಲ.

ದೇವಬಾಗದ ಮನೆಯನ್ನು ಗೌರಿಬಿದನೂರಿನಲ್ಲಿ ಕಟ್ಟಿದರೆ ಅದು ಹಗಲು ಒಲೆಯಾದೀತು. ಗೌರಿಬಿದನೂರಿನ ಕಲ್ಲುಮನೆಯನ್ನು ದೇವಬಾಗದಲ್ಲಿ ಕಟ್ಟಿದರೆ ಒಳಗೆ ಬೂಷ್ಟು ಹಿಡಿದೀತು. ಮನೆಯ ಚಿತ್ರಪಟವನ್ನು ಎಲ್ಲಿಂದಲೋ ತಂದು ಎಲ್ಲಿಯೋ ಎಬ್ಬಿಸುವವರು ಮರೆಯುವುದು ಇದನ್ನೇ.

ಕಟ್ಟದೆ ಉಳಿಸುವುದು

ಮನೆ ಕಟ್ಟುವ ವಸ್ತುಗಳಿಗೂ ಒಂದು ಲೆಕ್ಕವಿದೆ. ಸಿಮೆಂಟ್ ಮಾಡಲು ಸುಣ್ಣಕಲ್ಲನ್ನು ೧,೪೫೦ ಡಿಗ್ರಿಯವರೆಗೆ ಕಾಯಿಸಬೇಕು. ಉರುವಲಿನ ಹೊಗೆಯ ಮಾತು ಬೇರೆ. ಕಲ್ಲೇ ಒಡೆದು ಹೊರಬಿಡುವ ಇಂಗಾಲದ ಡೈಆಕ್ಸೈಡ್ ಬೇರೆ. ೧೦೦ ಕಿಲೋ ಶುದ್ಧ ಸುಣ್ಣಕಲ್ಲಿನಿಂದ ೪೪ ಕಿಲೋ ಅನಿಲ ಗಾಳಿಗೆ ಸೇರುತ್ತದೆ. ಸುಟ್ಟ ಇಟ್ಟಿಗೆಗೆ ಸೌದೆಯೋ ಕಲ್ಲಿದ್ದಲೋ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದ ವಿಜ್ಞಾನಿಗಳು, ಸ್ಥಳದ ಮಣ್ಣಿಗೆ ಅಲ್ಪ ಪ್ರಮಾಣದ ಸಿಮೆಂಟ್ ಬೆರೆಸಿ, ಕೈಯಿಂದ ನಡೆಸುವ ಯಂತ್ರದಲ್ಲಿ ಒತ್ತಿ, ಸುಡದೆಯೇ ಗಟ್ಟಿ ಇಟ್ಟಿಗೆ ಮಾಡುವ ಕ್ರಮವನ್ನು ಬೆಳೆಸಿದರು. ನಮ್ಮ ಜಿಲ್ಲೆಗೆ ಕಗ್ಗಲ್ಲು ಸಹಜ ವಸ್ತುವೆಂಬುದು ನಿಜ. ಆದರೆ ಕಲ್ಲಿಗಾಗಿ ಬೆಟ್ಟವನ್ನೇ ಒಡೆದರೆ, ಬೆಟ್ಟ ನೋಡಲು ಬಂದವನಿಗೆ ಏನನ್ನು ತೋರಿಸುವುದು?

ಎಲ್ಲಕ್ಕಿಂತ ಅಗ್ಗದ ಮನೆ ಎಂದರೆ ಈಗಾಗಲೇ ನಿಂತಿರುವ ಮನೆ. ಜೋಯಿಡಾ ತಾಲ್ಲೂಕಿನ ಗಣೇಶಗುಡಿಯ ಕಾಡಿನಲ್ಲಿ, ಸೂಪಾ ಅಣೆಕಟ್ಟನ್ನು ಕಟ್ಟುವಾಗ ಸಿಡಿಮದ್ದನ್ನು ಕೂಡಿಡಲು ಬಳಸಿದ ಉಗ್ರಾಣವೊಂದಿತ್ತು. ಕೆಲಸ ಮುಗಿದ ಮೇಲೆ ಅದು ಪ್ರವಾಸಿಗಳ ವಸತಿಯಾಗಿ ಮಾರ್ಪಟ್ಟಿತು. 'ಓಲ್ಡ್ ಮ್ಯಾಗಜಿನ್ ಹೌಸ್' ಎಂಬ ಹೆಸರು ಹಾಗೆಯೇ ಉಳಿಯಿತು. ಅಂಗಳದಲ್ಲಿಟ್ಟ ನೀರಿನ ತಟ್ಟೆಗಳಿಗೆ ಬಂದು ಮೀಯುವ ಹಕ್ಕಿಗಳನ್ನು ನೋಡಲೆಂದೇ ಜನರು ದೂರದಿಂದ ಹೋಗುತ್ತಾರೆ. ಆ ಸೀಮೆಯ ಮಂಗಟ್ಟೆಹಕ್ಕಿ ಗೂಡುಮಾಡುವುದು ಹಳೆಯ ಹೆಮ್ಮರಗಳ ಪೊಟರೆಯಲ್ಲಿ. ಹೊಸ ಕಟ್ಟಡಕ್ಕಾಗಿ ಅಂಥ ಒಂದು ಮರ ಬಿದ್ದರೆ, ನೆಟ್ಟ ಹತ್ತು ಸಸಿಗಳು ಒಂದು ತಲೆಮಾರಿನವರೆಗೂ ಅದರ ಸ್ಥಾನವನ್ನು ತುಂಬಲಾರವು. ನಂದಿಯ ಹಳೆಯ ಬಂಗಲೆಗಳನ್ನು ಒಪ್ಪವಾಗಿಟ್ಟುಕೊಂಡು ಬಳಸುವುದರಲ್ಲಿಯೂ ಇದೇ ವಿವೇಕವಿದೆ.

ನೀರಿನ ಲೆಕ್ಕ

ಇನ್ನು ಎಲ್ಲಕ್ಕಿಂತ ಕಠಿಣವಾದ ಲೆಕ್ಕಕ್ಕೆ ಬರೋಣ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲ. ವರ್ಷದ ಮಳೆ ಸುಮಾರು ೭೦೦ ಮಿಲಿಮೀಟರ್. ನೂರು ಚದರ ಮೀಟರಿನ ಮಾಡಿನ ಮೇಲೆ ಬೀಳುವ ನೀರು ೭೦,೦೦೦ ಲೀಟರ್. ಸೋರಿ ಆರಿ ಹೋಗುವುದನ್ನು ಕಳೆದರೆ ಸುಮಾರು ೫೬,೦೦೦ ಲೀಟರ್ ಕೈಗೆ ಸಿಕ್ಕೀತು. ಪಟ್ಟಣದ ಒಬ್ಬನಿಗೆ ದಿನಕ್ಕೆ ೧೩೫ ಲೀಟರ್ ಎಂಬುದು ನಮ್ಮ ದೇಶದ ಅಂಗೀಕೃತ ಪ್ರಮಾಣ. ವರ್ಷಕ್ಕೆ ಅದು ೪೯,೦೦೦ ಲೀಟರಿಗೂ ಮಿಕ್ಕು. ಎಂದರೆ, ನೂರು ಚದರ ಮೀಟರಿನ ಮಾಡು ತನ್ನಡಿ ಇರಿಸಿಕೊಳ್ಳಬಹುದಾದುದು ಒಬ್ಬನೇ ಅತಿಥಿಯನ್ನು! ಕಾರವಾರದಲ್ಲಿ ಸುಮಾರು ೩,೦೦೦ ಮಿಲಿಮೀಟರ್ ಮಳೆ ಬೀಳುವುದರಿಂದ ಅಷ್ಟೇ ಮಾಡು ನಾಲ್ವರನ್ನು ಪೋಷಿಸಬಲ್ಲುದು. ಆದರೆ ಆ ಮಳೆ ನಾಲ್ಕು ತಿಂಗಳಲ್ಲಿಯೇ ಮುಗಿಯುವುದರಿಂದ ಕೂಡಿಡಲು ದೊಡ್ಡ ತೊಟ್ಟಿ ಬೇಕು.

ಇದರ ಮೇಲೆ ಹುಲ್ಲುಹಾಸು ಬೆಳೆಸಿದರೆ ಏನಾಗುವುದು? ಬೇಸಗೆಯ ಒಂದು ದಿನದಲ್ಲಿ ಹುಲ್ಲಿನಿಂದ ಐದು ಮಿಲಿಮೀಟರಿನಷ್ಟು ನೀರು ಆರಿಹೋಗುತ್ತದೆ ಎಂದಿಟ್ಟುಕೊಳ್ಳೋಣ. ಸಾವಿರ ಚದರ ಮೀಟರಿನ ಹಾಸಿಗೆ ಅದು ದಿನಕ್ಕೆ ೫,೦೦೦ ಲೀಟರ್; ೩೭ ಜನರ ದಿನದ ನೀರು. ಈ ನೀರು ಬರುವುದೆಲ್ಲಿಂದ? ಕೊಳವೆಬಾವಿಯಿಂದ. ಈ ಸೀಮೆಯಲ್ಲಿ ಸಾವಿರ ಅಡಿಗೂ ಮಿಕ್ಕು ಕೊರೆದರೂ ನೀರು ಸಿಗದ ಬಾವಿಗಳುಂಟು. ಸಿಕ್ಕ ನೀರಿನಲ್ಲಿ ಫ್ಲೋರೈಡ್ ಇರುವ ಊರುಗಳುಂಟು. ಬೆಂಗಳೂರಿನ ಕೊಳಚೆನೀರನ್ನು ಶುದ್ಧಿಮಾಡಿ ಹೆಬ್ಬಾಳ–ನಾಗವಾರ ಕಣಿವೆಯಿಂದ ನಮ್ಮ ಜಿಲ್ಲೆಯ ಕೆರೆಗಳಿಗೆ ಪಂಪುಮಾಡಬೇಕಾಗಿ ಬಂದಿದೆ ಎಂದ ಮೇಲೆ ಅಂತರ್ಜಲದ ಸ್ಥಿತಿಯನ್ನು ಬೇರೆ ವಿವರಿಸಬೇಕಾಗಿಲ್ಲ. ಬಂಡೆಯ ಬಿರುಕುಗಳಲ್ಲಿ ನಿಂತ ನೀರಿಗೆ ಬೇಲಿಯಿಲ್ಲ. ತಂಗುಮನೆಯ ಆಳವಾದ ಬಾವಿ ಎಳೆದುಕೊಂಡ ನೀರು ಪಕ್ಕದ ಹಿಪ್ಪುನೇರಳೆ ತೋಟದ ಬಾವಿಗೆ ಸಿಗಲಾರದು. ಅತಿಥಿ ಮರುದಿನ ಬೆಳಗ್ಗೆ ಹೊರಟುಹೋಗುತ್ತಾನೆ. ರೈತನು ಎಲ್ಲಿಗೂ ಹೋಗಲಾರ.

ಹೀಗಾಗಿ ಬಯಲುಸೀಮೆಯ ತಂಗುಮನೆಗೆ ಮಳೆನೀರಿನ ತೊಟ್ಟಿ, ಸ್ನಾನದ ನೀರನ್ನು ಸೋಸಿ ಗಿಡಗಳಿಗೆ ಬಿಡುವ ಏರ್ಪಾಡು, ಹುಲ್ಲಿನ ಬದಲು ಊರಿನ ಹೊಂಗೆ, ಬೇವು, ಹುಣಿಸೆ, ಇವು ಅಲಂಕಾರಗಳಲ್ಲ, ಅವಶ್ಯಕತೆಗಳು. ಬೆಟ್ಟದ ಮೇಲಾದರೆ ಮಲಿನಜಲದ ವಿಷಯದಲ್ಲಿ ಇಮ್ಮಡಿ ಎಚ್ಚರ ಬೇಕು. ಅಲ್ಲಿಯ ಬಂಡೆಯ ಬಿರುಕಿಗೆ ಇಳಿದದ್ದು ಬುಡದ ಊರಿನ ಬಾವಿಯಲ್ಲಿ ಕಾಣಿಸಿಕೊಳ್ಳಬಹುದು.

ಕತ್ತಲೆ ಮತ್ತು ಮೌನ

ಗೌರಿಬಿದನೂರಿನ ಬಳಿ ಎರಡು ಪ್ರಸಿದ್ಧ ವೈಜ್ಞಾನಿಕ ನೆಲೆಗಳಿವೆ. ೧೯೬೦ರ ದಶಕದಲ್ಲಿ ಸ್ಥಾಪಿತವಾದ ಭೂಕಂಪಮಾಪಕಗಳ ಜಾಲವು ದೂರದ ಭೂಕಂಪಗಳ ಮತ್ತು ಭೂಗರ್ಭದ ಅಣುಸ್ಫೋಟಗಳ ಕಂಪನವನ್ನು ಆಲಿಸುತ್ತದೆ. ೧೯೭೬ರಿಂದ ಕೆಲಸಮಾಡುತ್ತಿರುವ ರೇಡಿಯೋ ವೀಕ್ಷಣಾಲಯವು ಆಕಾಶದಿಂದ ಬರುವ ಉದ್ದನೆಯ ರೇಡಿಯೋ ಅಲೆಗಳನ್ನು ಆಲಿಸುತ್ತದೆ. ಸೂಕ್ಷ್ಮವಾದ ಇಂಥ ಉಪಕರಣಗಳಿಗೆ ಮನುಷ್ಯನ ಗದ್ದಲವೂ ಒಂದು ಮಾಲಿನ್ಯವೇ. ಪ್ರಾಣಿಪಕ್ಷಿಗಳಿಗೂ ಹೀಗೆಯೇ ಎಂಬುದನ್ನು ನಾವು ಮರೆಯುತ್ತೇವೆ.

ಉತ್ತರ ಕನ್ನಡದ ಮರಳಿನಲ್ಲಿ ಆಲಿವ್ ರಿಡ್ಲಿ ಎಂಬ ಕಡಲಾಮೆ ಮೊಟ್ಟೆಯಿಡುತ್ತದೆ. ರಾತ್ರಿ ಹೊರಬಂದ ಮರಿಗಳು ಹೆಚ್ಚು ಬೆಳಕಿನ ದಿಕ್ಕಿಗೆ ನಡೆಯುತ್ತವೆ. ಪ್ರಕೃತಿಯಲ್ಲಿ ಅದು ತೆರೆದ ಕಡಲಿನ ದಿಕ್ಕು. ತೀರದಲ್ಲಿ ಒಂದು ವಸತಿಗೃಹವು ದೀಪಗಳ ಸಾಲನ್ನು ಉರಿಸಿದರೆ ಮರಿಗಳು ಕಡಲಿಗೆ ಬೆನ್ನುಮಾಡಿ ನಡೆದು ಸಾಯುತ್ತವೆ. ಶುಭ್ರವಾದ ಗಾಳಿಯಲ್ಲಿ ನೀಲಿಬೆಳಕು ಕೆಂಪುಹಳದಿಯ ಬೆಳಕಿಗಿಂತ ಮೂರು ಪಟ್ಟು ಹೆಚ್ಚಾಗಿ ಚೆದರಿ ಆಕಾಶವನ್ನು ಬೆಳಗುತ್ತದೆ. ರಾತ್ರಿಯ ಕೀಟಗಳನ್ನು ಹೆಚ್ಚಾಗಿ ಸೆಳೆಯುವುದೂ ಅದೇ. ಆದುದರಿಂದ ಬಿಳಿಯ ಪ್ರಖರ ದೀಪಗಳ ಬದಲು ಮಂದವಾದ ಹಳದಿ ದೀಪ, ಅದಕ್ಕೊಂದು ಮೇಲುಮುಚ್ಚಳ, ಬೇಡವಾದಾಗ ಆರಿಸುವ ಅಭ್ಯಾಸ, ಇಷ್ಟು ಸಾಕು. ಈ ಸುಧಾರಣೆಗೆ ಖರ್ಚಿಲ್ಲ; ಉಳಿತಾಯವೇ ಇದೆ.

ಪ್ರವಾಸಿಯ ಪಾಲು

ಮನೆಯ ಲೆಕ್ಕ ಸರಿಯಿದ್ದರೂ ಅಲ್ಲಿಗೆ ಹೋಗುವ ದಾರಿಯ ಲೆಕ್ಕ ಉಳಿಯುತ್ತದೆ. ಬೆಂಗಳೂರಿನಿಂದ ನಂದಿಗೆ ಹೋಗಿಬರಲು ಸುಮಾರು ೧೨೦ ಕಿಲೋಮೀಟರ್. ಲೀಟರಿಗೆ ೧೫ ಕಿಲೋಮೀಟರ್ ಓಡುವ ಕಾರು ಎಂಟು ಲೀಟರ್ ಪೆಟ್ರೋಲನ್ನು ಸುಟ್ಟು ೧೮ ಕಿಲೋದಷ್ಟು ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ಒಬ್ಬನೇ ಹೋದರೆ ಅಷ್ಟೂ ಅವನದೇ. ನಾಲ್ವರು ಕೂಡಿ ಹೋದರೆ ತಲೆಗೆ ನಾಲ್ಕೂವರೆ ಕಿಲೋ. ಬಸ್ಸಿನಲ್ಲಿಯೋ ರೈಲಿನಲ್ಲಿಯೋ ಹೋದರೆ ಇನ್ನೂ ಕಡಿಮೆ. ಯಲಹಂಕದಿಂದ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳ ಮೂಲಕ ಕೋಲಾರಕ್ಕೆ ಹೋಗುವ ರೈಲುದಾರಿಯಲ್ಲಿ ನಂದಿಹಾಲ್ಟ್ ಎಂಬ ನಿಲ್ದಾಣವೇ ಇದೆಯೆಂಬುದನ್ನು ಕಾರಿನವರು ಗಮನಿಸಬಹುದು.

ಮುಂದಿನ ಸಲ ತಂಗುಮನೆಯನ್ನು ಆರಿಸಿಕೊಳ್ಳುವಾಗ ವಾಚಕರು ಹೆಸರುಹಲಗೆಯನ್ನು ನಂಬದೆ ನಾಲ್ಕು ಪ್ರಶ್ನೆ ಕೇಳಲಿ. ಹಗಲು ಯಂತ್ರವಿಲ್ಲದೆ ಕೋಣೆಯಲ್ಲಿ ಕುಳಿತಿರಬಹುದೆ? ನೀರು ಎಲ್ಲಿಂದ ಬರುತ್ತದೆ, ಬಳಸಿದ ಮೇಲೆ ಎಲ್ಲಿಗೆ ಹೋಗುತ್ತದೆ? ರಾತ್ರಿ ಅಂಗಳದಲ್ಲಿ ನಿಂತರೆ ನಕ್ಷತ್ರಗಳು ಕಾಣುತ್ತವೆಯೆ? ಅಲ್ಲಿ ಕೆಲಸಮಾಡುವವರು ಆ ಊರಿನವರೆ? ಕೊನೆಯ ಪ್ರಶ್ನೆ ಭೌತಶಾಸ್ತ್ರದ್ದಲ್ಲ. ಆದರೂ ಅದನ್ನು ಬಿಡುವಂತಿಲ್ಲ. ಬೆಟ್ಟ ಉಳಿಯುವುದರಿಂದ ತನ್ನ ಬದುಕೂ ಉಳಿಯುವುದೆಂದು ಊರಿನವನಿಗೆ ಅನುಭವಕ್ಕೆ ಬಂದರೆ, ಬೆಟ್ಟವನ್ನು ಕಾಯಲು ಬೇರೊಬ್ಬ ಕಾವಲುಗಾರನನ್ನು ಹುಡುಕಬೇಕಾಗಿಲ್ಲ. ಈ ಪ್ರಶ್ನೆಗಳನ್ನು ಕೇಳುವ ಅತಿಥಿಗಳು ಹೆಚ್ಚಿದಷ್ಟೂ, ಅವುಗಳಿಗೆ ಉತ್ತರ ಕೊಡಬಲ್ಲ ತಂಗುಮನೆಗಳೂ ಹೆಚ್ಚುವುವು.